ಒರಗಲೊಂದು ಕೋಲು

ಮೂವತ್ತೊಂಬತ್ತನೆಯ ದಿನ.
ಎಣಿಸಬೇಡ ಅಂದಿದ್ದಳು ಅಮ್ಮ. ಎಣಿಸಿಬಿಟ್ಟೆ.
ಇನ್ನು ಹದಿನಾರು.

ಗೊಂದರಿನಲ್ಲಿ, ಶನಿವಾರದ ಸಂತೆಯ ಹಿಂದಿನ ಓಣಿಯಲ್ಲಿ,
ತಗಡಿನ ಮಾಡಿನ ಕೆಳಗೆ
ನಾನು ಕಾಡು ಆಲಿವ್ ಮರದ ಕೋಲು ಕೆತ್ತುತ್ತೇನೆ.
ನಮ್ಮ ಇಗರ್ಜಿಯಲ್ಲಿ ಜನ ಕೂರುವುದಿಲ್ಲ,
ನಡುರಾತ್ರಿಯಿಂದ ಬೆಳಕು ಹರಿಯುವವರೆಗೆ ನಿಂತೇ ಹಾಡುತ್ತಾರೆ.
ನಿಂತು ನಿಂತು ಮೊಣಕಾಲು ಮೇಣವಾದಾಗ
ಕಂಕುಳಿಗೋ ಗದ್ದಕ್ಕೋ ಆನಿಸಿಕೊಳ್ಳುವ ಕೋಲು.
ಅಂದರೆ ಬೇರೆಯವರ ದಣಿವೇ ನನ್ನ ಕಸುಬು.
ಉಪವಾಸದ ಕಾಲ ನನಗೆ ಸುಗ್ಗಿ,
ಸುಗ್ಗಿಯಲ್ಲೇ ನನ್ನ ಕೈಗೆ ಕಸುವಿಲ್ಲ.

ಹಸಿವನ್ನು ಬಲ್ಲೆ. ಅದು ಮೊದಲ ವಾರದ ನೆಂಟ,
ಬಾಗಿಲು ಬಡಿದು, ಗದ್ದಲ ಮಾಡಿ, ಹೊರಟುಹೋಗುತ್ತದೆ.
ಈ ಸುಸ್ತು ಹಾಗಲ್ಲ.
ಬಂದದ್ದೇ ಗೊತ್ತಾಗುವುದಿಲ್ಲ,
ಬೆಳಿಗ್ಗೆ ಅಂಗಿ ತೊಡಲು ಹೋದರೆ
ನನಗಿಂತ ಮೊದಲೇ ಅದರ ತೋಳು ತೂರಿಸಿಕೊಂಡು ಕೂತಿರುತ್ತದೆ.

ಉಳಿ ಎತ್ತಿದರೆ, ಉಳಿ ಕಬ್ಬಿಣದ್ದೆಂದು ನೆನಪಾಗುತ್ತದೆ.
ಬಗ್ಗಿ ಎದ್ದರೆ ತಗಡಿನ ತೂತುಗಳ ಬೆಳಕು
ಅಂಗಡಿ ತುಂಬ ಮಿಂಚುಹುಳವಾಗಿ ಹಾರುತ್ತದೆ.
ನಿನ್ನೆ ಒಂದು ಕೋಲಿನ ತಲೆಯನ್ನು ಎರಡು ಸಲ ಅಳೆದು
ಎರಡು ಸಲವೂ ತಪ್ಪು ಗೆರೆಯ ಮೇಲೆ ಕುಯ್ದೆ.

ಉಪಾಯಗಳಿವೆ, ಇಲ್ಲವೆಂದಲ್ಲ.
ಗರಗಸದ ಕೆಲಸ ನಸುಕಿನಲ್ಲೇ ಮುಗಿಸು.
ಬಿಸಿಲೇರಿದ ಮೇಲೆ ಉಜ್ಜುಕಾಗದ ಸಾಕು, ಅದೂ ಕೂತು.
ಮಾತು ಕಡಿಮೆ ಮಾಡು, ಚೌಕಾಸಿಗೆ ಹಿಡಿಯುವ ಉಸಿರು
ಗರಗಸಕ್ಕೆ ಹಿಡಿಯುವುದಕ್ಕಿಂತ ಹೆಚ್ಚು.
ಎದುರಿಗೆ ಕಾಫಿ ಹುರಿಯುವ ತಿರುವರ್ಕಳ ಕಡೆ ನೋಡಬೇಡ
(ಅವಳೂ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಹುರಿಯುತ್ತಾಳೆ).
ಇಷ್ಟೆಲ್ಲ ತಿಳಿದ ನಾನು ಈಗ
ಅರ್ಧ ಕೆತ್ತಿದ ಕೋಲಿಗೆ ಹಣೆಯೂರಿ ಕೂತಿದ್ದೇನೆ.

ಆಗ ಬಂದರು ಮೆರಿಗೇತಾ ಎಂಗಿದಾ,
ಎಪ್ಪತ್ತು ದಾಟಿದ ಹಾಡುಗುರು, ಬಿಳಿ ಪೇಟ, ಬರಿಗಾಲು.
ಹಳೆಯ ಕೋಲು ಸೀಳಿಕೊಂಡಿತಂತೆ.
"ಒರಗಿ ನೋಡಲಾ?" ಅಂದರು. ನೋಡಿ ಅಂದೆ.
ಕಂಕುಳಲ್ಲಿ ಇಟ್ಟುಕೊಂಡು, ಕಣ್ಣು ಮುಚ್ಚಿ,
ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ದಾಟಿಸಿ
ನಿಂತರು.
ನಿಂತೇ ಇದ್ದರು.
ಜಪವಿರಬೇಕು ಅಂದುಕೊಂಡೆ.
ಆಮೇಲೆ ಕೇಳಿಸಿತು, ಸಣ್ಣಗೆ, ಗೊರಕೆ.

ನಗು ಬಂತು. ನಗುವುದಕ್ಕೂ ತ್ರಾಣ ಬೇಕು, ಸುಮ್ಮನಾದೆ.
ಎಬ್ಬಿಸಲಿಲ್ಲ. ಚೆಂಡು ಒದೆಯುತ್ತ ಬಂದ ಹುಡುಗರಿಗೆ
ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ.
ಸೌದೆ ಹೊತ್ತ ಕತ್ತೆಗಳು ಹೋದವು.
ಕೋಲು ಬಾಗಲಿಲ್ಲ, ನಾನು ಅದನ್ನೇ ನೋಡುತ್ತಿದ್ದೆ.
ಎರಡು ಬೆರಳು ದಪ್ಪದ ಮರ
ಒಬ್ಬ ಇಡೀ ಮುದುಕನನ್ನು, ಅವರ ಮೂವತ್ತೊಂಬತ್ತು ದಿನಗಳನ್ನು
ಪಿಟ್ಟೆನ್ನದೆ ಹಿಡಿದುಕೊಂಡಿತ್ತು.

ಎಚ್ಚರವಾದಾಗ ಅವರು ನಾಚಲಿಲ್ಲ.
"ಕೋಲು ಒಳ್ಳೆಯದೇ. ಒಂದು ಬೆರಳು ಗಿಡ್ಡ ಮಾಡು,
ಇನ್ನು ಹದಿನಾರು ದಿನದಲ್ಲಿ ನಾನೂ ಅಷ್ಟು ಕುಗ್ಗುತ್ತೇನೆ."
ಅವರೂ ಎಣಿಸಿದ್ದರು!
ಬೆಲೆಯ ಮಾತು ಬಂದಾಗಲಂತೂ
ಅವರ ಮೈಯಲ್ಲಿ ಎಲ್ಲೂ ಉಪವಾಸವಿರಲಿಲ್ಲ.
ಐವತ್ತು ಬಿರ್ ಇಳಿಸಿಯೇ ಹೋದರು.

ಸೂರ್ಯ ಹುಟ್ಟಿದಾಗಿನಿಂದ ಎಣಿಸುವ ನಮ್ಮ ಗಡಿಯಾರದಲ್ಲಿ
ಈಗ ಎಂಟು. ಒಂಬತ್ತಕ್ಕೆ ನೀರು,
ಅಗಸೆಬೀಜ ಕದಡಿದ ಲೋಟ, ಕಡಲೆಹಿಟ್ಟಿನ ಬಿಸಿ ಗೊಜ್ಜು, ಹುಳಿ ಇಂಜೆರಾ.
ಬೇಡ, ಅದನ್ನು ನೆನೆಯಬಾರದು.

ಒಂದು ಬೆರಳು ಮರ ಕುಯ್ಯಲು ಗಂಟೆ ಬೇಡ.
ಇವತ್ತು ಬೇಕು.
ನಾಲ್ಕೆಳೆತ, ನಿಲ್ಲು, ಒಂದು ಉಸಿರು.
ನಾಲ್ಕೆಳೆತ, ನಿಲ್ಲು.
ಮೂರೆಳೆತ.

ತುಂಡು ಕೆಳಗೆ ಬಿತ್ತು, ಗರಗಸದ ಬಿಸಿ ಇನ್ನೂ ಇತ್ತು ಅದಕ್ಕೆ.
ಎತ್ತಿ ಜೇಬಿಗೆ ಹಾಕಿಕೊಂಡೆ, ಯಾಕೆಂದು ಕೇಳಬೇಡಿ.
ಒರಗುವಷ್ಟು ದೊಡ್ಡದಲ್ಲ.
ಹೆಬ್ಬೆರಳು ಮಾತ್ರ ಒರಗಬಹುದು,
ಒರಗಿದೆ.